ಹೊಳೆ ನಡುಗಡ್ಡೆಯ ಕೆಲಸಕ್ಕೆ ಗಂಬೂಟು, ಲೀಚ್ ಸಾಕ್ಸ್, ಗ್ಲೌಸ್, ದುರ್ಬೀನು: ಯಾವುದು ಕೊಳ್ಳಬೇಕು, ಯಾವುದು ಬೇಡ

ಕೊಡಗಿನಲ್ಲಿ ಕಾವೇರಿ ಅಲ್ಲಲ್ಲಿ ಕವಲೊಡೆದು ನಡುಗಡ್ಡೆಗಳನ್ನು ಮಾಡಿಕೊಂಡೇ ಹರಿಯುತ್ತದೆ. ಕುಶಾಲನಗರದ ಹತ್ತಿರದ ಕಾವೇರಿ ನಿಸರ್ಗಧಾಮ ಅಂಥದ್ದೇ ಒಂದು, ಸುಮಾರು 64 ಎಕರೆಯ ಬಿದಿರು ಮೆಳೆಗಳ ದ್ವೀಪ. ಅಲ್ಲಿಗೆ ತೂಗುಸೇತುವೆ ಇದೆ. ದುಬಾರೆ ಕಡೆ ಹೊಳೆ ದಾಟಲು ದೋಣಿ ಬೇಕು, ಬೇಸಿಗೆಯಲ್ಲಿ ನೀರು ಇಳಿದರೆ ಬಂಡೆಯ ಮೇಲೆ ಕಾಲು. ಇಂಥ ಜಾಗಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು, ವಾಚರ್ ಜೊತೆಗಿದ್ದು ಮಾಡುವ ಸ್ವಯಂಸೇವೆಯ ದಿನ ಹೆಚ್ಚುಕಡಿಮೆ ಒಂದೇ ರೀತಿಯದು: ಬೆಳಿಗ್ಗೆ ಪಕ್ಷಿ ಎಣಿಕೆ, ಬಿಸಿಲೇರುವ ಮೊದಲು ಲಂಟಾನ ಎಂಬ ಮುಳ್ಳುಕಳೆ ಕೀಳುವುದು, ಮಧ್ಯಾಹ್ನದ ಮೇಲೆ ದಡಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಹೆಕ್ಕುವುದು. ಆ ದಿನಕ್ಕೆ ಬೇಕಾದ ಸಾಮಾನುಗಳ ವಿಮರ್ಶೆ ಇದು.

ಮೊದಲೇ ಹೇಳುವ ಮಾತು: ಬೆಂಗಳೂರಿನ ಟ್ರೆಕಿಂಗ್ ಅಂಗಡಿಯಿಂದ ದುಬಾರಿ ಸಾಮಾನು ತರುವ ಅಗತ್ಯ ಬಹುಮಟ್ಟಿಗೆ ಇಲ್ಲ. ಕಾಫಿ ತೋಟದವರಿಗೆ ಸಾಮಾನು ಮಾರುವ ಅಂಗಡಿ ಮಡಿಕೇರಿ, ಸಿದ್ದಾಪುರ, ಕುಶಾಲನಗರ, ಸೋಮವಾರಪೇಟೆ ಎಲ್ಲ ಕಡೆಯೂ ಇದೆ. ಮಳೆಗಾಲವಿಡೀ ಕೆಸರಿನಲ್ಲೇ ನಿಲ್ಲುವ ಜನ ಕೊಳ್ಳುವ ಸಾಮಾನು ಅಲ್ಲಿರುತ್ತದೆ. ದುರ್ಬೀನು, ನೀರು ಹೋಗದ ಚೀಲ ಇವೆರಡನ್ನು ಮಾತ್ರ ಬೇರೆ ಕಡೆ ಹುಡುಕಬೇಕು. ಇಂಬಳ ಕಾಲಿಗೆ ಹತ್ತದಂತೆ ತಡೆಯುವ ಲೀಚ್ ಸಾಕ್ಸನ್ನು ಊರಿನ ದರ್ಜಿಯ ಹತ್ತಿರ ಹೊಲಿಸಿಕೊಳ್ಳುವುದೇ ಮೇಲು.

ಗಂಬೂಟಿನಿಂದ ಶುರು ಮಾಡೋಣ, ಏಕೆಂದರೆ ದಿನ ಕೆಡುವುದು ಬಹಳ ಸಲ ಕಾಲಿನಿಂದಲೇ. ಟ್ರೆಕಿಂಗ್ ಬೂಟು ನಡುಗಡ್ಡೆಗೆ ಹೊಂದುವುದಿಲ್ಲ. ಹೊಳೆದಡದ ಮೆಕ್ಕಲು ಮಣ್ಣು ಪಾದ ಮುಳುಗುವಷ್ಟು ಮೆತ್ತಗಿರುತ್ತದೆ. ಬೂಟಿನೊಳಗೆ ಒಮ್ಮೆ ನೀರು ಹೊಕ್ಕರೆ ಕೊಡಗಿನ ತೇವದಲ್ಲಿ ಮಾರನೇ ದಿನಕ್ಕೂ ಒಣಗುವುದಿಲ್ಲ. ಒಂದು ಜೊತೆ ಒಳ್ಳೆಯ ಟ್ರೆಕಿಂಗ್ ಬೂಟಿನ ದುಡ್ಡಿಗೆ ನಾಲ್ಕೈದು ಜೊತೆ ಗಂಬೂಟು ಬರುತ್ತದೆ.

ಅಂಗಡಿಯಲ್ಲಿ ಎರಡು ಜಾತಿಯ ಗಂಬೂಟು ಸಿಗುತ್ತದೆ: ಪಿವಿಸಿ ಮತ್ತು ರಬ್ಬರ್. ಅಗ್ಗದ್ದೆಲ್ಲ ಪಿವಿಸಿ, ಅಚ್ಚಿನಲ್ಲಿ ಒಂದೇ ತುಂಡಾಗಿ ಎರಕ ಹೊಯ್ದದ್ದು. ಜೋಡಿಸಿದ ಅಂಚು ಇಲ್ಲದ ಕಾರಣ ಸೋಲ್ ಕಿತ್ತುಬರುವ ತೊಂದರೆ ಇಲ್ಲ. ಅದರ ಶತ್ರು ಬಿಸಿಲು. ಒಣಗಲಿ ಎಂದು ಕಣದಲ್ಲಿ ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ಕನ್ನು ಮೆದುವಾಗಿಡುವ ಅಂಶ ಕಳೆದುಹೋಗಿ, ಬೆರಳು ಮಡಚುವ ಜಾಗದಲ್ಲಿ ಮೊದಲು ಬಿಳಿ ಗೆರೆ ಕಾಣಿಸಿಕೊಂಡು, ಆಮೇಲೆ ಅಲ್ಲೇ ಸೀಳುತ್ತದೆ. ಸೀಳಿದ ಪಿವಿಸಿಗೆ ಸೈಕಲ್ ಟ್ಯೂಬಿನ ಪಂಕ್ಚರ್ ಸೊಲ್ಯೂಷನ್ ಸರಿಯಾಗಿ ಹಿಡಿಯುವುದಿಲ್ಲ, ಪಿವಿಸಿಗೆಂದೇ ಇರುವ ಅಂಟು ಬೇಕು. ಅದೂ ಮಡಿಕೆಯ ಜಾಗದಲ್ಲಿ ಹೆಚ್ಚು ದಿನ ನಿಲ್ಲದು. ರಬ್ಬರ್ ಬೂಟಿನ ಕಥೆ ಉಲ್ಟಾ. ಅದು ಮೆದು, ಪಾಚಿ ಹಿಡಿದ ಬಂಡೆಯ ಮೇಲೆ ಪಿವಿಸಿಗಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ, ತೂತಾದರೆ ಪಂಕ್ಚರ್ ಹಾಕಬಹುದು. ಆದರೆ ಮುಳ್ಳಿಗೆ ಬೇಗ ಸೋಲುತ್ತದೆ. ನಡುಗಡ್ಡೆಯ ಹೆಬ್ಬಿದಿರಿನ ಬುಡದ ಕವಲುಗಳಲ್ಲಿ ಇರುವ ಬಾಗಿದ ಗಟ್ಟಿ ಮುಳ್ಳು ಒಣಗಿ ನೆಲಕ್ಕೆ ಬಿದ್ದಿರುತ್ತದೆ. ತೆಳು ಸೋಲಿನ ಮೂಲಕ ಅದು ನೇರ ಪಾದಕ್ಕೆ ಬರುತ್ತದೆ.

ನಮ್ಮ ತೀರ್ಪು ಹೀಗೆ: ಬಿದಿರು ಮೆಳೆಯ ಒಳಗೆ ಕೆಲಸವಿದ್ದರೆ ದಪ್ಪ ಸೋಲಿನ ಪಿವಿಸಿ, ದಡದ ಬಂಡೆಯ ಮೇಲೆ ಕೆಲಸವಿದ್ದರೆ ರಬ್ಬರ್. ಒಂದೇ ಜೊತೆ ಕೊಳ್ಳುವುದಾದರೆ ಪಿವಿಸಿ ಸಾಕು, ಬಂಡೆ ಸಿಕ್ಕಲ್ಲಿ ನಿಧಾನ ಮಾಡಿದರಾಯಿತು. ಸೋಲಿನ ದಪ್ಪ ನೋಡಲು ಅಂಗಡಿಯಲ್ಲೇ ಬೂಟನ್ನು ಮುಂಗಾಲಿನ ಹತ್ತಿರ ಮಡಚಿ. ಸುಲಭವಾಗಿ ಎರಡಾಗಿ ಮಡಚಿಕೊಂಡರೆ ಬಿಟ್ಟುಬಿಡಿ. ಎತ್ತರ ಮೊಣಕಾಲಿಗಿಂತ 3–4 ಬೆರಳು ಕೆಳಗೆ ನಿಲ್ಲಬೇಕು. ಅರ್ಧ ಎತ್ತರದ ಬೂಟು ಹಾಕಲು ತೆಗೆಯಲು ಸುಲಭ ಎನ್ನಿಸುತ್ತದೆ, ಆದರೆ ಒಂದು ಕಾಲು ಕೆಸರಿನಲ್ಲಿ ಹೂತರೆ ಮೇಲಿನಿಂದಲೇ ನೀರು ತುಂಬುತ್ತದೆ.

ಅಳತೆಯಲ್ಲಿ ಹೆಚ್ಚಿನವರು ತಪ್ಪುತ್ತಾರೆ. ದಪ್ಪ ಸಾಕ್ಸ್, ಅದರ ಮೇಲೆ ಲೀಚ್ ಸಾಕ್ಸ್ ಹಾಕಿಕೊಂಡೇ ಬೂಟು ತೊಟ್ಟು ನೋಡಬೇಕು. ಪಾದವನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗಬೇಕು. ಅದಕ್ಕಿಂತ ಸಡಿಲವಾದರೆ ಕೆಸರು ಬೂಟನ್ನು ಹಿಡಿದುಕೊಂಡು ಕಾಲು ಮಾತ್ರ ಹೊರಗೆ ಬರುತ್ತದೆ. ಬಿಗಿಯಾದರೆ ಸಂಜೆ ಇಳಿಯುವ ದಾರಿಯಲ್ಲಿ ಹೆಬ್ಬೆರಳಿನ ಉಗುರು ನೀಲಿಗಟ್ಟುತ್ತದೆ. ಒಳಗೆ ಬಟ್ಟೆಯ ಲೈನಿಂಗ್ ಇರುವ ಬೂಟು ಮೊದಲ ದಿನ ಹಿತ, ಒದ್ದೆಯಾದ ಮೇಲೆ ನಾತ. ಲೈನಿಂಗ್ ಇಲ್ಲದ್ದನ್ನು ಕೊಂಡು ಸಾಕ್ಸ್ ಬದಲಿಸುತ್ತ ಹೋಗುವುದು ವಾಸಿ. ದಿನಕ್ಕೆ 2 ಜೊತೆ ಸಾಕ್ಸ್ ಲೆಕ್ಕ, ಮಧ್ಯಾಹ್ನ ಬದಲಿಸಲು ಒಂದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ದೋಣಿಯಲ್ಲೋ ತೆಪ್ಪದಲ್ಲೋ ಕೂರುವಾಗ, ಹೊಳೆಗೆ ಇಳಿದು ದಾಟುವಾಗ ಗಂಬೂಟು ಕಾಲಿನಲ್ಲಿ ಇರಕೂಡದು. ನೀರು ತುಂಬಿದ ಬೂಟು ಕಲ್ಲಿನಂತೆ ಕೆಳಕ್ಕೆ ಎಳೆಯುತ್ತದೆ ಎಂದು ಜನ ಹೇಳುತ್ತಾರೆ. ನಡೆಯುವುದು ಅದಕ್ಕಿಂತ ಸ್ವಲ್ಪ ಬೇರೆ. ಹೊಳೆಯೊಳಗೆ ಇರುವಾಗ ಬೂಟಿನಲ್ಲಿ ತುಂಬಿದ ನೀರಿನ ತೂಕ ಗೊತ್ತಾಗುವುದಿಲ್ಲ, ಆದರೆ ಅಗಲವಾದ ಬೂಟಿಗೆ ಹರಿವು ಬಡಿದು ಕಾಲು ಆಡಿಸಲು ಬಿಡುವುದಿಲ್ಲ. ದಡ ಹತ್ತಲು ಕಾಲೆತ್ತಿದಾಗಲೇ ಒಳಗಿನ ಲೀಟರುಗಟ್ಟಲೆ ನೀರಿನ ಭಾರ ಒಮ್ಮೆಗೆ ಬರುತ್ತದೆ, ದಣಿದವನು ಮತ್ತೆ ಹಿಂದಕ್ಕೆ ಜಾರುತ್ತಾನೆ. ದಾಟುವಾಗ ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ, ಬೂಟನ್ನು ಚೀಲಕ್ಕೆ ಕಟ್ಟಿಕೊಳ್ಳಿ. ಲೈಫ್ ಜಾಕೆಟ್ ಕೊಟ್ಟಾಗ ಬಕಲ್ ಎಲ್ಲವೂ ಕಚ್ಚುತ್ತವೆಯೇ ನೋಡಿ, ಹಾಕಿಕೊಂಡ ಮೇಲೆ ಭುಜದ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆ ಎತ್ತಲಿ. ಜಾಕೆಟ್ ಕಿವಿಯವರೆಗೆ ಏರಿದರೆ ಅದು ನಿಮ್ಮ ಅಳತೆಯದಲ್ಲ. ಹಾರಂಗಿ ಜಲಾಶಯದಿಂದ ನೀರು ಬಿಟ್ಟಾಗ, ಹಾರಂಗಿ ಬಂದು ಸೇರುವ ಕೂಡಿಗೆಯಿಂದ ಕೆಳಗೆ ಕಾವೇರಿಯ ಮಟ್ಟ ಏರುತ್ತದೆ. ಆ ಭಾಗದಲ್ಲಿ ಕೆಲಸವಿದ್ದರೆ ಬೆಳಿಗ್ಗೆಯೇ ಕೇಳಿಕೊಂಡು ಹೊರಡಿ.

ಇನ್ನು ಲೀಚ್ ಸಾಕ್ಸ್. ನೀರಿನಲ್ಲಿ ಇರುವುದು ಜಿಗಣೆ, ತರಗೆಲೆಯ ಮೇಲೆ ಎದ್ದು ನಿಂತು ತಲೆಯಾಡಿಸುವುದು ಇಂಬಳ. ನಡುಗಡ್ಡೆಯಲ್ಲಿ ಎರಡೂ ಇವೆ, ಕೆಲಸಕ್ಕೆ ಅಡ್ಡ ಬರುವುದು ಇಂಬಳ. ಹೆಣೆದ ಮಾಮೂಲಿ ಸಾಕ್ಸ್ ಎಷ್ಟೇ ದಪ್ಪವಿರಲಿ, ಹಸಿದ ಇಂಬಳ ನೂಲಿನಷ್ಟು ತೆಳ್ಳಗಾಗಿ ಅದರ ಹೆಣಿಗೆಯ ಸಂದಿಯಲ್ಲಿ ತೂರುತ್ತದೆ. ಲೀಚ್ ಸಾಕ್ಸ್ ಎಂದರೆ ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗಿನ ಚೀಲ. ಅದರಲ್ಲಿ ನೇಯ್ಗೆ, ಹೊಲಿಗೆ, ಲಾಡಿ ಈ ಮೂರೇ ನೋಡಬೇಕಾದ್ದು.

ಆನ್‌ಲೈನಿನಲ್ಲಿ ಬರುವ ನೈಲಾನ್ ಸಾಕ್ಸ್ ಹಗುರ, ಬೇಗ ಒಣಗುತ್ತದೆ. ಆದರೆ ಹೆಚ್ಚಿನವುಗಳಲ್ಲಿ ಬೆರಳಿನ ತುದಿಯ ಹೊಲಿಗೆ ಒಂದೇ ಸಾಲು, ನಾಲ್ಕು ಸಲ ಒಗೆದರೆ ಬಾಯಿಬಿಡುತ್ತದೆ. ಇಂಬಳಕ್ಕೆ ಅಷ್ಟು ಸಾಕು. ಮೇಲೆ ಎಲಾಸ್ಟಿಕ್ ಹಾಕಿದ್ದು ಒದ್ದೆಯಾಗಿ ಭಾರವಾದಾಗ ಜಾರುತ್ತದೆ. ದರ್ಜಿಯಿಂದ ಹೊಲಿಸುವುದಾದರೆ ಒತ್ತು ನೇಯ್ಗೆಯ ಹತ್ತಿಯ ಡ್ರಿಲ್ ಬಟ್ಟೆ, 36 ಇಂಚು ಪನ್ನದ್ದು, ಒಂದು ಜೊತೆಗೆ 1 ಮೀಟರ್ ಸಾಕು. ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ ಕುಗ್ಗಿಸಿಕೊಳ್ಳಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಹಿಮ್ಮಡಿ ಹಿಡಿಯುತ್ತದೆ. ಅಳತೆ ತೆಗೆಯುವುದು ಹಿಮ್ಮಡಿಯಿಂದ ಪಾದದ ಮೇಲ್ಭಾಗ ಸುತ್ತಿ; ಕಾಲು ಹೊಕ್ಕುವಾಗ ಬಿಗಿಯಾಗುವ ಜಾಗ ಅದೇ. ಆ ಸುತ್ತಳತೆಗೆ 2 ಇಂಚು ಕೂಡಿಸಿ. ಅಂಚನ್ನು ಒಳಗೆ ಮಡಚಿ ಎರಡು ಸಾಲು ಹೊಲಿಗೆ, ಇಂಚಿಗೆ 10–12 ಹೊಲಿಗೆ ಬೀಳುವಂತೆ ಹೇಳಿ. ಮೇಲೆ ಲಾಡಿ ತೂರಿಸುವ ಮಡಿಕೆ, ಲಾಡಿ ಹತ್ತಿಯದಿರಲಿ, ನೈಲಾನ್ ಗಂಟು ಬಿಚ್ಚಿಕೊಳ್ಳುತ್ತದೆ. ಬಣ್ಣ ಬಿಳಿ ಅಥವಾ ತಿಳಿ ಖಾಕಿ. ಕಪ್ಪು ಬಟ್ಟೆಯ ಮೇಲೆ ಹತ್ತುವ ಇಂಬಳ ಕಾಣುವುದಿಲ್ಲ, ಕಾಣದಿದ್ದರೆ ಸಾಕ್ಸ್ ಹಾಕಿದ ಅರ್ಧ ಪ್ರಯೋಜನ ಹೋಯಿತು.

ತೊಡುವ ಕ್ರಮ: ಮಾಮೂಲಿ ಸಾಕ್ಸ್, ಅದರ ಮೇಲೆ ಪ್ಯಾಂಟಿನ ತುದಿ ಸುತ್ತಿ ಒತ್ತಿ, ಅದರ ಮೇಲೆ ಲೀಚ್ ಸಾಕ್ಸ್, ಕೊನೆಗೆ ಬೂಟು. ಸಾಕ್ಸಿನ ಲಾಡಿ ಮೊಣಕಾಲಿನ ಕೆಳಗೆ, ಬೂಟಿನ ಬಾಯಿಗಿಂತ ಮೇಲೆ ಇರಬೇಕು. ಬೂಟಿನೊಳಗೇ ಮುಗಿಯುವ ಸಾಕ್ಸ್ ಇದ್ದರೆ ಇಂಬಳ ಬೂಟಿನ ಬಾಯಿಗೆ ಬಂದು ಒಳಕ್ಕೆ ಇಳಿಯುತ್ತದೆ, ಮತ್ತೆ ಸಂಜೆಯವರೆಗೆ ಗೊತ್ತಾಗುವುದಿಲ್ಲ. ಲಾಡಿಯ ಕೆಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಬಿಡಿ. ಬಿಗಿ ಕಟ್ಟಿ ಕುಕ್ಕರುಗಾಲಿನಲ್ಲಿ ಕೂತು ಕಳೆ ಕಿತ್ತರೆ ಅರ್ಧ ಗಂಟೆಯಲ್ಲಿ ಪಾದ ಜೋಮು ಹಿಡಿಯುತ್ತದೆ.

ಉಪ್ಪು, ಸುಣ್ಣ, ನಶ್ಯ, ಹೊಗೆಸೊಪ್ಪಿನ ನೀರು ಎಲ್ಲವೂ ಕೊಡಗಿನಲ್ಲಿ ಬಳಕೆಯಲ್ಲಿದೆ. ಉಪ್ಪು ಮೊದಲ ಮಳೆಗೇ ತೊಳೆದುಹೋಗುತ್ತದೆ. ಹೊಗೆಸೊಪ್ಪಿನ ನೀರಲ್ಲಿ ಅದ್ದಿ ಒಣಗಿಸಿದ ಸಾಕ್ಸ್ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಆದರೆ ಒದ್ದೆಯಾದರೆ ನಿಕೋಟಿನ್ ಚರ್ಮದ ಮೂಲಕ ಹೀರಿಕೊಂಡು ತಲೆಸುತ್ತು, ವಾಕರಿಕೆ ಬರಬಹುದು. ಬರಿಗಾಲಿಗೆ ಹಚ್ಚಲೇಬೇಡಿ. ಕಪ್ಪೆ, ಏಡಿ, ಮೀನುಮರಿ ಇರುವ ಹೊಂಡಗಳ ಪಕ್ಕ ಇವನ್ನೆಲ್ಲ ಚೆಲ್ಲುವುದೂ ಸರಿಯಲ್ಲ. ಅವನ್ನು ಉಳಿಸಲೆಂದೇ ಅಲ್ಲಿಗೆ ಹೋಗಿರುವುದು. ಗಟ್ಟಿ ಹೊಲಿಗೆಯ ಸಾಕ್ಸ್, ಕಾಲು ಗಂಟೆಗೊಮ್ಮೆ ಕಾಲು ನೋಡಿಕೊಳ್ಳುವ ಅಭ್ಯಾಸ, ಇಷ್ಟಿದ್ದರೆ ಸಾಕು. ಕಚ್ಚಿದ್ದನ್ನು ಬಿಡಿಸಲು ತೆಳ್ಳಗಿನ ತುದಿಯ ಕಡೆಯಿಂದ ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿ, ಆಮೇಲೆ ದಪ್ಪ ತುದಿ. ಬೆಂಕಿ ತಾಗಿಸಿದರೆ, ಉಪ್ಪು ಹಾಕಿದರೆ ಅದು ಹೊಟ್ಟೆಯೊಳಗಿನದನ್ನು ಗಾಯಕ್ಕೇ ಕಕ್ಕಬಹುದು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥ ಇರುವುದರಿಂದ ಬಿಡಿಸಿದ ಮೇಲೂ ಬಹಳ ಹೊತ್ತು ರಕ್ತ ಒಸರುತ್ತದೆ. ಸೋಪು ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆ ಒತ್ತಿ ಕಟ್ಟಿದರೆ ಸಾಕು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮಳೆ ನಿಂತು ನೆಲ ಒಣಗಿದ ತಿಂಗಳುಗಳಲ್ಲಿ ಬರುವುದು ಒಳಿತು.

ಲಂಟಾನ ಕೀಳಲು ಗ್ಲೌಸ್ ಬೇಕೇ ಬೇಕು. ಅಂಗೈಗೆ ರಬ್ಬರ್ ಚುಕ್ಕಿ ಇರುವ ಹತ್ತಿಯ ಗ್ಲೌಸ್ ಎಲ್ಲ ಅಂಗಡಿಯಲ್ಲೂ ತೂಗುಹಾಕಿರುತ್ತಾರೆ, ಈ ಕೆಲಸಕ್ಕೆ ಅದು ದಂಡ. ಚುಕ್ಕಿಗಳ ನಡುವೆ ಮುಳ್ಳು ನುಗ್ಗುತ್ತದೆ, ಒದ್ದೆಯಾದರೆ ದಿನವಿಡೀ ಕೈ ತಣ್ಣಗೆ. ವೆಲ್ಡಿಂಗಿನವರ ತೊಗಲಿನ ಗ್ಲೌಸ್ ಬಿದಿರು ಮುಳ್ಳನ್ನು ತಡೆಯುತ್ತದೆ, ಆದರೆ ನೆಂದು ಒಣಗಿದ ಮೇಲೆ ಹಪ್ಪಳದಂತಾಗುತ್ತದೆ. ಅಂಗೈ ಮತ್ತು ಬೆರಳಿಗೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ಲೇಪ ಇರುವ ಹೆಣೆದ ಗ್ಲೌಸ್ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು. ಬೆರಳ ತುದಿಗೆ ಸಸಿಯ ಕಾಂಡ ಗೊತ್ತಾಗುತ್ತದೆ, ಲಂಟಾನದ ಗಿಡ್ಡ ಮುಳ್ಳು ತೂರುವುದಿಲ್ಲ. ಬಿದಿರು ಮೆಳೆಗೆ ತೊಗಲಿನದು ಒಂದು ಜೊತೆ ಗುಂಪಿಗೆಲ್ಲ ಇದ್ದರೆ ನಡೆಯುತ್ತದೆ.

ಹತಾರದ ವಿಷಯದಲ್ಲಿ ಒಂದು ಮಾತು. ಕತ್ತಿಯಿಂದ ಲಂಟಾನ ಸವರುವುದು ಕೆಲಸ ಮಾಡಿದಂತೆ ಕಾಣುತ್ತದೆ, ಆದರೆ ಬುಡದಿಂದ ಒಂದರ ಜಾಗಕ್ಕೆ ಹತ್ತು ಚಿಗುರು ಬಂದು ಮುಂದಿನ ವರ್ಷ ಮೆಳೆ ಇನ್ನೂ ಒತ್ತಾಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಢಿಗೆ ತಂದ ಬೇರು ಕಡಿಯುವ ಕ್ರಮ ಇದಕ್ಕೆ ಸರಿ. ಕೊಂಬೆ ಸವರಿ, ಹಿಡಿಯಲು ಒಂದು ಅಡಿಯಷ್ಟು ಕಾಂಡ ಬಿಡಿ. ಬುಡದ ಸುತ್ತ ಮಣ್ಣು ಸರಿಸಿ, ನೆಲಮಟ್ಟದಿಂದ 3–5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಒಂದೇ ಪೆಟ್ಟಿಗೆ ಕಡಿಯಿರಿ. ಚಿಗುರುವ ಭಾಗ ಅದಕ್ಕಿಂತ ಮೇಲಿರುತ್ತದೆ, ಅದು ಗಿಡದ ಜೊತೆಗೇ ಬಂದುಬಿಡುತ್ತದೆ. ಕಿತ್ತ ಗಿಡವನ್ನು ಬೇರು ಮೇಲಾಗಿ ತಲೆಕೆಳಗು ನಿಲ್ಲಿಸಿ, ಬೇರಿಗೆ ಮಣ್ಣು ಸೋಕಬಾರದು. ಇದಕ್ಕೆ ಅಗಲ ಗುದ್ದಲಿಗಿಂತ ಕಿರಿದಾದ ಬಾಯಿಯ ಪಿಕಾಸಿ ಅನುಕೂಲ, ತೂಕ 2 ಕೆಜಿ ದಾಟದಿರಲಿ. ಕಾವು ಹೊಸದಾದರೆ ಹಿಂದಿನ ರಾತ್ರಿ ತಲೆಯ ಭಾಗವನ್ನು ನೀರಿನಲ್ಲಿಡಿ, ಮರ ಉಬ್ಬಿ ಬಿಗಿಯಾಗುತ್ತದೆ. ಕಾಯಿ ಕಪ್ಪಾಗುವ ಮೊದಲೇ ಕಿತ್ತರೆ ಬೀಜ ಚೆಲ್ಲುವುದಿಲ್ಲ. ಹಕ್ಕಿಗಳು ಕೂರುವ ಮರದ ಕೆಳಗೆ ಮುಂದಿನ ವರ್ಷ ಸಸಿಗಳು ಏಳುತ್ತವೆ, ಅವನ್ನು ಕೈಯಲ್ಲೇ ಕೀಳಬೇಕು.

ಹೊಳೆಯ ಅಂಚಿನಲ್ಲಿ ಈ ಕ್ರಮವನ್ನು ಹಾಗೆಯೇ ನಡೆಸುವುದು ಬೇಡ. ದಡದ ಅಂಚಿನಲ್ಲಿ ಅಗೆದು ಮಣ್ಣು ಸಡಿಲವಾದರೆ ಮಳೆಗಾಲದ ಹರಿವು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. 2018 ಮತ್ತು 2019ರ ಆಗಸ್ಟ್ ಮಳೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಚಿನಲ್ಲಿ ಸವರುವುದಷ್ಟೇ ಮಾಡಿ, ಹೊಳೆಮತ್ತಿ, ಹೊಂಗೆ, ನೇರಳೆಯ ಸಸಿ ಬೇರು ಹಿಡಿದ ಮೇಲೆ ತುಂಡು ತುಂಡಾಗಿ ಲಂಟಾನದ ಬುಡ ತೆಗೆಯಬೇಕು.

ಮಳೆಗೆ ಏನು? ಭಾಗಮಂಡಲದ ಜಡಿಮಳೆಗೂ ಕುಶಾಲನಗರದ ಹಗುರ ಮಳೆಗೂ ಅಜಗಜಾಂತರ, ನಡುಗಡ್ಡೆ ಎಲ್ಲಿದೆ ಎನ್ನುವುದರ ಮೇಲೆ ಕೊಳ್ಳಿ. ಉಸಿರಾಡುವ ಬಟ್ಟೆಯದು ಎಂದು ಮಾರುವ ದುಬಾರಿ ಜಾಕೆಟ್ ಪಿಕಾಸಿ ಹಿಡಿದವನಿಗೆ ಒಳಗಿನ ಬೆವರಿನಿಂದಲೇ ಒದ್ದೆ, ಲಂಟಾನಕ್ಕೆ ಸಿಕ್ಕರೆ ಹರಿಯುತ್ತದೆ. ತೋಟದ ಕೆಲಸದವರು ತಲೆಯಿಂದ ಇಳಿಬಿಡುವ ಪ್ಲಾಸ್ಟಿಕ್ ಕೊಪ್ಪೆ ಬಗ್ಗಿ ಮಾಡುವ ಕೆಲಸಕ್ಕೆ ನಿಜಕ್ಕೂ ಒಳ್ಳೆಯದು: ಬೆನ್ನು ಮುಚ್ಚುತ್ತದೆ, ಮುಂದಿನಿಂದ ಗಾಳಿಯಾಡುತ್ತದೆ. ನಡೆಯುವಾಗ ಮಾತ್ರ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಕೆಂಪು, ಕಿತ್ತಳೆ ಬಣ್ಣದ್ದು ಬೇಡ. ಸರಪರ ಸದ್ದು ಮಾಡುವ ಪ್ಲಾಸ್ಟಿಕ್ ಹೊದ್ದು ಪಕ್ಷಿ ಎಣಿಸಲೂ ಆಗದು, ಬಿದಿರಿನಾಚೆ ಆನೆ ಕೊಂಬೆ ಮುರಿಯುವ ಸದ್ದು ಕೇಳಿಸಿಕೊಳ್ಳಲೂ ಆಗದು. ಬೆಳಗಿನ ಪಕ್ಷಿ ಎಣಿಕೆಗೆ ಮೆದು ಬಟ್ಟೆಯ ರೇನ್‌ಕೋಟ್ ಬೇರೆ ಇರಲಿ.

ದುರ್ಬೀನಿಗೆ 8×42 ಸಾಕು, 10×42 ಬೇಡ ಎನ್ನುತ್ತೇವೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಿಂಡಿಯ ಅಗಲ ಸಿಗುತ್ತದೆ: 8×42ರಲ್ಲಿ 5.25 ಮಿಲಿಮೀಟರ್, 10×42ರಲ್ಲಿ 4.2. ಮುಂಜಾನೆ ಬಿದಿರಿನ ನೆರಳಲ್ಲಿ ಆ ವ್ಯತ್ಯಾಸ ಕಾಣುತ್ತದೆ, ಕೈನಡುಕವೂ 8ರಲ್ಲಿ ಕಡಿಮೆ. ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುವ ಕಪ್ಪು-ಬಿಳಿ ಮಿಂಚುಳ್ಳಿಯನ್ನು ಹಿಡಿಯಲು ಅಗಲ ನೋಟವೇ ಮುಖ್ಯ. ಒಳಗೆ ನೈಟ್ರೋಜನ್ ತುಂಬಿದ ಮಾದರಿ ಕೊಳ್ಳಿ, ಮಸೂರದ ಒಳಗೆ ಮಂಜು ಕಟ್ಟುವುದಿಲ್ಲ. ಕೊಡಗಿನಲ್ಲಿ ದುರ್ಬೀನನ್ನು ಹಾಳುಮಾಡುವುದು ಬೂಷ್ಟು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿ ಮತ್ತೆ ನೀಲಿ ಮಾಡಿಕೊಳ್ಳಬಹುದು, ಆ ಬಾಣಲೆ ಅಡುಗೆಗೆ ಬೇಡ. ಕೈಗೆ ಡೀಟ್ ಇರುವ ಸೊಳ್ಳೆ ಔಷಧಿ ಹಚ್ಚಿಕೊಂಡು ದುರ್ಬೀನು ಮುಟ್ಟಬೇಡಿ, ಕೆಲವು ಪ್ಲಾಸ್ಟಿಕ್ಕನ್ನು ಅದು ಕರಗಿಸುತ್ತದೆ.

ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಉಪಯುಕ್ತ, ಉಚಿತ. ದಡದಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ, ಆದ್ದರಿಂದ ಭಾರತದ ಪಕ್ಷಿಗಳ ಪ್ಯಾಕನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ. ಅದರ ದನಿ ಗುರುತಿಸುವ ಭಾಗವನ್ನು ಮಾತ್ರ ನಂಬಿ ಪಟ್ಟಿ ಬರೆಯಬೇಡಿ. ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಹಾಗೆಯೇ ಅನುಕರಿಸುತ್ತದೆ, ಆ್ಯಪ್ ಮೋಸಹೋಗುತ್ತದೆ. ಹೊಳೆಯ ಮೊರೆತ ಜೋರಾದ ಕಡೆ ಸಣ್ಣ ದನಿಗಳು ಅದಕ್ಕೆ ಸಿಗುವುದೇ ಇಲ್ಲ. ಕಣ್ಣಾರೆ ಕಂಡದ್ದನ್ನು, ಕಿವಿಗೆ ಖಚಿತವಾದದ್ದನ್ನು ಬರೆಯಿರಿ.

ಫೋನಿಗೆ ಬಾಯಿ ಸುರುಳಿ ಸುತ್ತುವ 10 ಲೀಟರಿನ ಡ್ರೈ ಬ್ಯಾಗ್ ಕೊಳ್ಳಿ. ಗಾಳಿ ತುಂಬಿ ಬಾಯಿಯನ್ನು 3 ಸುತ್ತು ಸುತ್ತಿ ಬಕಲ್ ಹಾಕಿ, ಎದೆಗೆ ಒತ್ತಿ ಹಿಡಿದು ನೋಡಿ. ಗಾಳಿ ಸೋರಿದರೆ ನೀರೂ ಸೋರುತ್ತದೆ. ಪ್ಲಾಸ್ಟಿಕ್ ಹೆಕ್ಕಲು ಹೊಸ ಚೀಲ ಬೇಡವೇ ಬೇಡ, ಸಿಮೆಂಟ್ ಅಥವಾ ಗೊಬ್ಬರದ ಹಳೆಯ ಹೆಣೆದ ಚೀಲ ಸಾಕು. ಅರ್ಧ ಮಾತ್ರ ತುಂಬಿ, ಏಕೆಂದರೆ ಮರಳು ತುಂಬಿದ ಒದ್ದೆ ಪ್ಲಾಸ್ಟಿಕ್ ದೋಣಿಗೆ ಎತ್ತುವಾಗ ಚೀಲ ಹರಿಯುತ್ತದೆ. ಪ್ರವಾಹದಲ್ಲಿ ಬಿದಿರಿಗೆ ಸುತ್ತಿಕೊಂಡ ಹಾಳೆಗಳನ್ನು ಎಳೆಯಬೇಡಿ, ಕತ್ತರಿಸಿ. ಎಳೆದರೆ ಮುಳ್ಳಿನ ಕೊಂಬೆ ಮುಖಕ್ಕೆ ಬರುತ್ತದೆ. ಊಟಕ್ಕೆ ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ), ಚಟ್ನಿ ಸ್ಟೀಲ್ ಡಬ್ಬಿಯಲ್ಲಿರಲಿ, ಪ್ಲಾಸ್ಟಿಕ್ ಕವರಿನ ಸದ್ದು ಕೋತಿಗಳಿಗೆ ದೂರದಿಂದಲೇ ಗೊತ್ತು. ಕಾಯಿಸಿ ಆರಿಸಿದ ನೀರು ತಲೆಗೆ 2 ಲೀಟರ್.

ಸಂಜೆ ಬೂಟು, ಪಿಕಾಸಿ ತೊಳೆಯುವುದನ್ನು ನಡುಗಡ್ಡೆಯಿಂದ ಹೊರಡುವ ಮೊದಲೇ ಮುಗಿಸಿ. ಸೋಲಿನ ಸಂದಿಯ ಮಣ್ಣಿನಲ್ಲಿ ಕಳೆಬೀಜ ಕೂತಿರುತ್ತದೆ, ಇನ್ನೊಂದು ದಡಕ್ಕೆ ಅದನ್ನು ಒಯ್ಯುವುದು ನಾವೇ. ಮನೆಗೆ ಬಂದ ಮೇಲೆ ಬೂಟಿನೊಳಗೆ ಹಳೆಯ ಪೇಪರ್ ತುರುಕಿ, ಅರ್ಧ ಗಂಟೆಯಲ್ಲಿ ಅದನ್ನು ತೆಗೆದು ಹೊಸದು ಹಾಕಿ, ರಾತ್ರಿ ನೆರಳಿನಲ್ಲಿ ಗೂಟಕ್ಕೆ ತಲೆಕೆಳಗು ಸಿಕ್ಕಿಸಿ. ಒಲೆಯ ಪಕ್ಕ ಬೇಡ. ಬೆಳಿಗ್ಗೆ ಕಾಲು ಹಾಕುವ ಮೊದಲು ಎರಡೂ ಬೂಟನ್ನು ಬಾಯಿ ಕೆಳಗೆ ಮಾಡಿ ಹಿಮ್ಮಡಿಗೆ ನಾಲ್ಕು ಏಟು ಕೊಟ್ಟು, ಟಾರ್ಚ್ ಹಾಕಿ ಬೆರಳಿನ ತುದಿಯವರೆಗೂ ನೋಡಿ. ಚೇಳು, ಏಡಿ, ಕೆಲವೊಮ್ಮೆ ಹಾವಿನ ಮರಿ ಆ ಕತ್ತಲೆಯನ್ನು ಹುಡುಕಿಕೊಂಡು ಬಂದಿರುತ್ತವೆ.